ಕಡಲ ತೀರದಲ್ಲಿ ನಡೆದು ಹೋಗಲು ದಾರಿ ಬಿಡಿ

ಸಂಪಾದಕರಿಗೆ ನಮಸ್ಕಾರ.

ಕರಾವಳಿ ಪ್ರವಾಸೋದ್ಯಮದ ಬಗ್ಗೆ ಪತ್ರಿಕೆಯಲ್ಲಿ ಆಗಾಗ ಸುದ್ದಿ ಓದುತ್ತೇನೆ. ತೇಲುವ ಸೇತುವೆ, ವಾಟರ್ ಸ್ಪೋರ್ಟ್ಸ್, ಹೊಸ ರೆಸಾರ್ಟ್, ಪಾರ್ಕಿಂಗ್ ಜಾಗ. ಎಲ್ಲ ಸರಿ. ಆದರೆ ಒಂದು ಪ್ರಶ್ನೆಯನ್ನು ಯಾರೂ ಎತ್ತುವುದು ಕಾಣುವುದಿಲ್ಲ. ನಮ್ಮ ತೀರದಲ್ಲಿ ಒಬ್ಬರು ಹೆಗಲಿಗೊಂದು ಚೀಲ ಹಾಕಿಕೊಂಡು ಊರಿಂದ ಊರಿಗೆ, ಸಮುದ್ರದ ಬದಿಯಲ್ಲೇ, ನಡೆದುಕೊಂಡು ಹೋಗಲು ಆಗುತ್ತದಾ?

ಇದು ನನ್ನ ತಲೆಯಲ್ಲಿ ಕೂತದ್ದು ದೂರದ ಒಂದು ನಡಿಗೆಯಿಂದ. ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಸಾಮಾನು ಹೊರುವ ಒಂದು ಬರ್ರೋ ಜೊತೆ ತಿಂಗಳುಗಟ್ಟಲೆ ನಡೆಯುತ್ತಿರುವವರೊಬ್ಬರ ಫೋಟೋ, ಬರಹಗಳನ್ನು ನಾನೂ ನನ್ನ ಮಗಳೂ ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ನೋಡುತ್ತೇವೆ. ಬರ್ರೋ ಅಂದರೆ ಅಲ್ಲಿನ ಸಣ್ಣ ಗಾತ್ರದ ಕತ್ತೆ. ಸ್ಪೇನಿನವರು ಅದನ್ನು ಆ ಕಡೆಗೆ ತಂದರು. ಗಣಿ ಕೆಲಸದವರು ಅದರ ಬೆನ್ನಿಗೆ ಹೇರು ಹೊರಿಸಿದರು, ಕೆಲಸ ಮುಗಿದ ಮೇಲೆ ಬಿಟ್ಟು ಹೋದರು. ಬಿಟ್ಟವು ಒಣ ಬೆಟ್ಟಗಳಲ್ಲಿ ತಾವೇ ಬದುಕಿಕೊಂಡವು. ಅವುಗಳ ರಕ್ಷಣೆಗೆ 1971ರಲ್ಲಿ ಅಲ್ಲಿ ಒಂದು ಕಾನೂನೇ ಬಂತು. ಈಗ ಬೇಕಾದವರು ಸರ್ಕಾರದ ಕಡೆಯಿಂದಲೇ ಒಂದನ್ನು ದತ್ತು ತೆಗೆದುಕೊಂಡು ಸಾಕಬಹುದು.

ಬೆಳಿಗ್ಗೆ ಹೇರು ಕಟ್ಟುವುದನ್ನೇ ನೋಡುತ್ತಾ ಕೂರಬಹುದು. ಬೆನ್ನ ಮೇಲೆ ದಪ್ಪ ಕಂಬಳಿ, ಅದರ ಮೇಲೆ ಮರದ ತುಂಡುಗಳನ್ನು ಕತ್ತರಿಯ ಹಾಗೆ ಜೋಡಿಸಿದ ಜೀನು, ಆ ಮರಕ್ಕೆ ಆಚೆ ಒಂದು ಈಚೆ ಒಂದು ಚೀಲ. ಎರಡೂ ಚೀಲದ ತೂಕ ಒಂದೇ ಇರಬೇಕು. ಅದಕ್ಕೆ ಕೈಯಲ್ಲಿ ಹಿಡಿಯುವ ಸ್ಪ್ರಿಂಗ್ ತಕ್ಕಡಿಗೆ ಚೀಲ ತೂಗುಹಾಕಿ, ಜಾಸ್ತಿ ಇರುವ ಕಡೆಯಿಂದ ನೀರಿನ ಬಾಟಲಿಯನ್ನೋ ಅಕ್ಕಿಯ ಪೊಟ್ಟಣವನ್ನೋ ತೆಗೆದು ಈ ಕಡೆಗೆ ಹಾಕಿ, ಮತ್ತೆ ತೂಗಿ, ಆಮೇಲೇ ಕಟ್ಟುವುದು. ಒಂದು ಬದಿ ಜಗ್ಗಿದರೆ ಜೀನು ಜಾರಿ ಬೆನ್ನು ಹುಣ್ಣಾಗುತ್ತದೆ. ಮೈತೂಕದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊರಿಸಬಾರದು ಅನ್ನುವುದು ಸಾಕಿದವರ ಲೆಕ್ಕ. 200 ಕಿಲೋ ತೂಗುವ ಕತ್ತೆಗೆ 40 ಕಿಲೋ. ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ನಡೆದರೆ ದೊಡ್ಡದು.

ಕತ್ತೆಗೆ ಹಠ ಅಂತ ನಾವು ಸುಮ್ನೆ ಹೇಳುತ್ತೇವೆ. ಕುದುರೆ ಹೆದರಿದರೆ ಓಡುತ್ತದೆ, ಕತ್ತೆ ನಿಂತು ನೋಡುತ್ತದೆ. ಸಮುದ್ರಕ್ಕೆ ಸೇರುವ ಸಣ್ಣ ತೊರೆ ಎದುರಾದರೆ ಕಿವಿ ಎರಡನ್ನೂ ಮುಂದೆ ಮಾಡಿ ಅಲ್ಲೇ ನಿಲ್ಲುತ್ತದೆ. ತಳ ಕಾಣದ ನೀರಿಗೆ ಕಾಲಿಡುವುದಿಲ್ಲ. ಹಗ್ಗ ಎಳೆದರೂ ಬರುವುದಿಲ್ಲ. ಜೊತೆಗಿದ್ದವರು ತಾವೇ ಇಳಿದು ದಾಟಿ, ವಾಪಸ್ ಬಂದು, ಮತ್ತೆ ದಾಟಿ ತೋರಿಸಬೇಕು. ಅದಕ್ಕೆ ನಂಬಿಕೆ ಬಂದ ಮೇಲೆ ತಾನಾಗಿ ಬರುತ್ತದೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗೆ ತುಂಬಾ ಇಷ್ಟವಾಯಿತು.

ಇನ್ನು ದಾರಿಯ ವಿಷಯ. ಉತ್ತರದಲ್ಲಿ ಒರೆಗಾನ್ ಗಡಿಯಿಂದ ದಕ್ಷಿಣದಲ್ಲಿ ಮೆಕ್ಸಿಕೋ ಗಡಿವರೆಗೆ ಸುಮಾರು 1,900 ಕಿಲೋಮೀಟರ್ ಉದ್ದದ ಕರಾವಳಿ ನಡಿಗೆಯ ಹಾದಿ ಆ ರಾಜ್ಯದವರ ಯೋಜನೆ. ಇದು ಮೇಲಿಂದ ಬಂದ ಉಡುಗೊರೆ ಏನೂ ಆಗಿರಲಿಲ್ಲ. 1972ರಲ್ಲಿ ಜನರೇ ಮತ ಹಾಕಿ ಕರಾವಳಿಗೆ ಒಂದು ಆಯೋಗ ಬೇಕು ಅಂತ ಮಾಡಿಸಿಕೊಂಡರು. 1976ರಲ್ಲಿ ಕರಾವಳಿ ಕಾಯ್ದೆ ಬಂತು. ಭರತದ ನೀರು ಮುಟ್ಟುವ ಒದ್ದೆ ಮರಳು ಎಲ್ಲರದ್ದು, ಅದರ ಮೇಲೆ ಯಾರ ಬೇಲಿಯೂ ಇಲ್ಲ. ಹಾಗಂತ ಅಲ್ಲಿ ಎಲ್ಲ ಸಲೀಸು ಅಂತ ತಿಳಿಯಬೇಡಿ. ಹಾದಿ ಇನ್ನೂ ಪೂರ್ತಿಯಾಗಿಲ್ಲ. ಲಾಸ್ಟ್ ಕೋಸ್ಟ್ ಅನ್ನುವ ಕಡೆ ಭರತ ಬಂದಾಗ ಬೆಟ್ಟಕ್ಕೂ ನೀರಿಗೂ ನಡುವೆ ಕಾಲಿಡಲೂ ಜಾಗ ಉಳಿಯುವುದಿಲ್ಲ, ಇಳಿತದ ಹೊತ್ತು ನೋಡಿಯೇ ಹೊರಡಬೇಕು. ಬಿಗ್ ಸರ್ ಕಡೆ ಬೆಟ್ಟ ನೇರ ಸಮುದ್ರಕ್ಕೆ ಇಳಿಯುವುದರಿಂದ ಕೆಲವು ಕಡೆ ಹೆದ್ದಾರಿಯ ಅಂಚೇ ಗತಿ. ಮಲಿಬುವಿನಲ್ಲಿ ಸಮುದ್ರದಂಚಿನ ಸಿರಿವಂತರ ಮನೆಗಳ ಮುಂದೆ ಸುಳ್ಳು ‘ಪ್ರವೇಶವಿಲ್ಲ’ ಬೋರ್ಡು ಹಾಕಿ ಜನರನ್ನು ತಡೆದದ್ದೂ, ಅದರ ಮೇಲೆ ವರ್ಷಗಟ್ಟಲೆ ಜಗಳ ನಡೆದದ್ದೂ ಇದೆ. ಆದರೆ ಅಲ್ಲಿ ತಡೆದರೆ ಕೇಳುವವರಿದ್ದಾರೆ.

ನಮ್ಮಲ್ಲಿ ಕಾನೂನು ಇಲ್ಲವಾ? ಇದೆ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆ ಬಂದದ್ದು 1991ರಲ್ಲಿ. ಸಿಆರ್‌ಝಡ್ ಅಂದರೆ ಇಲ್ಲಿ ಮನೆ ಕಟ್ಟಲು ಅರ್ಜಿ ಹಾಕಿ ಸುತ್ತಿದವರಿಗೆಲ್ಲ ಗೊತ್ತು. ಅದೇ ಅಧಿಸೂಚನೆಯಲ್ಲಿ ರೆಸಾರ್ಟುಗಳ ಬಗ್ಗೆ ಇರುವ ಷರತ್ತು ಮಾತ್ರ ಜಾಸ್ತಿ ಜನರಿಗೆ ಗೊತ್ತಿಲ್ಲ. ಎರಡು ಹೋಟೆಲ್ ಅಥವಾ ಬೀಚ್ ರೆಸಾರ್ಟುಗಳ ನಡುವೆ ಸಾರ್ವಜನಿಕರು ಬೀಚಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು. ಬೇಲಿ ಹಾಕಿದರೂ ಅದು ಜನ ಬೀಚಿಗೆ ಹೋಗುವುದಕ್ಕೆ ಅಡ್ಡ ಆಗಬಾರದು. 20 ಮೀಟರ್ ಅಂದರೆ ಎರಡು ಬಸ್ಸು ಹಿಂದೆ ಮುಂದೆ ನಿಂತಷ್ಟು. ನಿಮ್ಮ ಊರಿನ ಬೀಚಿನಲ್ಲಿ ಅಷ್ಟು ಅಗಲದ ದಾರಿ, ಅಲ್ಲಿ ಒಂದು ಬೋರ್ಡು, ನೋಡಿದ್ದೀರಾ?

ಕಳೆದ ಚಳಿಗಾಲದಲ್ಲಿ ನಾವು ಮನೆಯವರು ಉಡುಪಿ ಜಿಲ್ಲೆಯ ಒಂದು ತೀರದಲ್ಲಿ ನಡೆಯುತ್ತಿದ್ದೆವು. ಮರಳಿನಲ್ಲಿ ಎರಡು ಕೋಲು ನೆಟ್ಟು ನೀಲಿ ನೈಲಾನ್ ಹಗ್ಗ ಕಟ್ಟಿದ್ದರು, ಹಗ್ಗದ ತುದಿ ನೀರಿನವರೆಗೂ ಬಂದಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಕಾವಲುಗಾರ ಎದ್ದು ಬಂದು, “ಇಲ್ಲಿಂದ ಗೆಸ್ಟ್‌ಗಳಿಗೆ ಮಾತ್ರ, ನೀವು ಮೇಲೆ ರಸ್ತೆಯಲ್ಲಿ ಹೋಗಿ” ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಬಿಸಿಲಲ್ಲಿ ಕೂತು ಸಂಬಳಕ್ಕೆ ದುಡಿಯುವ ಹುಡುಗ. ಆದರೆ ಅಲೆ ಬಂದು ಹೋಗುವ ಮರಳಿಗೆ ಹಗ್ಗ ಕಟ್ಟುವ ಹಕ್ಕನ್ನು ಅವನ ಧಣಿಗೆ ಯಾರು ಕೊಟ್ಟರು? ಮಗಳು ಕೇಳಿದ್ದೂ ಇದೇ. ನಾವು ಅರ್ಧ ಗಂಟೆ ಡಾಂಬರು ರಸ್ತೆಯಲ್ಲಿ ಸುತ್ತಿ ಮತ್ತೆ ಮರಳಿಗಿಳಿದೆವು.

ಮನಸ್ಸಿನಲ್ಲೇ ದಕ್ಷಿಣ ಕನ್ನಡದ ತಲಪಾಡಿಯಿಂದ ಉಡುಪಿ ಜಿಲ್ಲೆಯ ಬೈಂದೂರಿಗೆ ಒಮ್ಮೆ ನಡೆದು ನೋಡಿ. ಸೋಮೇಶ್ವರ, ಉಳ್ಳಾಲದ ಕಡೆ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ರಾಶಿ. ಕಲ್ಲು ಬೇಕು, ಮನೆ ಉಳಿಯಬೇಕಲ್ವಾ. ಆದರೆ ಆ ಕಲ್ಲಿನ ಮೇಲೆ ಹತ್ತಿ ಇಳಿಯಲು ಮೆಟ್ಟಿಲು ಇಟ್ಟಿದ್ದರೆ ಮೀನುಗಾರ ಹೆಂಗಸರಿಗೂ ಎಷ್ಟು ಅನುಕೂಲ. ಆಮೇಲೆ ನೇತ್ರಾವತಿ, ಗುರುಪುರ ಎರಡೂ ಹೊಳೆ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಬಾಗಿಲು. ಸೇತುವೆ ಸುತ್ತಿ ಮಂಗಳೂರಿನ ಹಳೆ ಬಂದರಕ್ಕೆ ಬಂದು ದೋಣಿಯಲ್ಲಿ ಬೆಂಗರೆಗೆ ದಾಟಿದರೆ ತಣ್ಣೀರುಬಾವಿ, ಪಣಂಬೂರು. ಅಲ್ಲಿ ಬಂದರು ಅಡ್ಡ, ಹೆದ್ದಾರಿಗೆ ಏರಲೇಬೇಕು. ಸುರತ್ಕಲ್, ಮುಕ್ಕ ಕಳೆದು ಸಸಿಹಿತ್ಲು. ಅಲ್ಲಿ ನಂದಿನಿ, ಶಾಂಭವಿ ಸೇರುವ ಬಾಯಿಯಲ್ಲಿ ನಿಂತರೆ ಆಚೆ ಹೆಜಮಾಡಿ ಕೋಡಿ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ, ಮೂಲ್ಕಿ ಸುತ್ತಿ ಬರಬೇಕು. ಅಲ್ಲಿಂದ ಪಡುಬಿದ್ರಿ, ಎರ್ಮಾಳು, ಉಚ್ಚಿಲ, 1901ರ ದೀಪಸ್ತಂಭ ಇರುವ ಕಾಪು, ಗುಳ್ಳ ಬದನೆ ಬೆಳೆಯುವ ಮಟ್ಟು, ಪಡುಕೆರೆ, ಸೇತುವೆ ದಾಟಿದರೆ ಮಲ್ಪೆ. ಇಷ್ಟು ಉದ್ದದ ಮರಳು ಬೇರೆ ಯಾರಿಗೆ ಸಿಕ್ಕಿದೆ? ಮಲ್ಪೆಯಿಂದ ಹೂಡೆ ಮೇಲೆ ಕೋಡಿ ಬೆಂಗ್ರೆಗೆ ಹೋಗುವಾಗ ಒಂದು ಕೈಗೆ ಸಮುದ್ರ, ಇನ್ನೊಂದು ಕೈಗೆ ಸ್ವರ್ಣಾ ಹೊಳೆ. ತುದಿಯಲ್ಲಿ ಸೀತಾ ನದಿಯೂ ಬಂದು ಸೇರುತ್ತದೆ. ಆಚೆ ಹಂಗಾರಕಟ್ಟೆ. ಮುಂದೆ ಕೋಟ ಪಡುಕೆರೆ, ಬೀಜಾಡಿ, ಕುಂದಾಪುರದ ಕೋಡಿ. ಮತ್ತೆ ಹೊಳೆ. ಗಂಗೊಳ್ಳಿ ಎದುರಿಗೇ ಇದೆ, ದೋಣಿ ಸಿಗದಿದ್ದರೆ ಹೆಮ್ಮಾಡಿ, ತ್ರಾಸಿ ಅಂತ ಊರೆಲ್ಲ ಸುತ್ತಬೇಕು. ಮರವಂತೆಯಲ್ಲಿ ಸೌಪರ್ಣಿಕಾ ಹೊಳೆಗೂ ಸಮುದ್ರಕ್ಕೂ ನಡುವೆ ರಸ್ತೆ ಓಡುವುದನ್ನು ನೋಡಲು ಎಲ್ಲಿಂದಲೋ ಜನ ಬರುತ್ತಾರೆ, ಕಾರು ನಿಲ್ಲಿಸಿ ಸೆಲ್ಫಿ ತೆಗೆದು ಹೊರಡುತ್ತಾರೆ.

ಇದರಲ್ಲಿ ಅಡ್ಡಿ ಅನಿಸುವುದು ಹೊಳೆಗಳು. ಆದರೆ ನಮ್ಮ ಹಿರಿಯರಿಗೆ ಹೊಳೆ ಅಡ್ಡಿಯಾಗಿರಲಿಲ್ಲ, ಅಲ್ಲಲ್ಲಿ ಕಡವು ಇತ್ತು. ಕೂಗಿದರೆ ದೋಣಿ ಬರುತ್ತಿತ್ತು. ಸೇತುವೆ ಬಂದಂತೆ ಬಸ್ಸು ಬಂತು, ಕಡವು ಒಂದೊಂದಾಗಿ ನಿಂತಿತು. ಇರುವ ನಾಲ್ಕು ಕಡೆಯಾದರೂ ದೋಣಿ ಉಳಿಯಬೇಕು, ಅದನ್ನು ನಡೆಸುವವರಿಗೆ ನಷ್ಟ ಆಗದ ಹಾಗೆ ಪಂಚಾಯತೋ ಜಿಲ್ಲಾಡಳಿತವೋ ಕೈ ಜೋಡಿಸಬೇಕು.

ಹಾಗಾದರೆ ನಾವೂ ಕತ್ತೆ ಕಟ್ಟಿಕೊಂಡು ಹೊರಡುವುದಾ ಅಂತ ಮಗಳು ಕೇಳಿದ್ದಾಳೆ. ಬೇಡ. ಕತ್ತೆ ಒಣ ನೆಲದ ಪ್ರಾಣಿ. ಅದರ ಮೈಗೂದಲು ಕುದುರೆಯದ್ದರ ಹಾಗೆ ನೀರು ತಡೆಯುವುದಿಲ್ಲ, ಯಾವಾಗಲೂ ಒದ್ದೆಯಲ್ಲಿದ್ದರೆ ಗೊರಸು ಮೆತ್ತಗಾಗಿ ಕೊಳೆಯುತ್ತದೆ. ನಮ್ಮ ಮಳೆಗೆ, ನಮ್ಮ ಬೆವರಿನ ಹವೆಗೆ ಅದನ್ನು ಎಳೆದು ತರುವುದು ಪಾಪ. ಅಗತ್ಯವೂ ಇಲ್ಲ. ಕ್ಯಾಲಿಫೋರ್ನಿಯಾದ ಉತ್ತರ ತೀರದಲ್ಲಿ ಎಷ್ಟೋ ಹೊತ್ತು ನಡೆದರೂ ಒಂದು ಅಂಗಡಿ ಸಿಗುವುದಿಲ್ಲ, ಊಟ, ಟೆಂಟು ಎಲ್ಲ ಹೊತ್ತೇ ಹೋಗಬೇಕು. ನಮ್ಮಲ್ಲಿ ಹೆಜ್ಜೆಗೊಂದು ಊರು. ಬೊಂಡ ಸಿಗುತ್ತದೆ, ಗೂಡಂಗಡಿಯಲ್ಲಿ ಚಾ, ಗೋಳಿಬಜೆ ಸಿಗುತ್ತದೆ, ಮಧ್ಯಾಹ್ನಕ್ಕೆ ಮೀನೂಟ ಸಿಗುತ್ತದೆ. ಅವರ ಕತ್ತೆ ಹೊರುವುದನ್ನು ಇಲ್ಲಿ ಊರೇ ಹೊರುತ್ತದೆ. ಆ ದುಡ್ಡು ಸಣ್ಣ ಅಂಗಡಿಯವರ ಕೈಗೇ ಹೋಗುತ್ತದೆ ಅನ್ನುವುದು ನನಗೆ ಎಲ್ಲಕ್ಕಿಂತ ಮುಖ್ಯ.

ಕತ್ತೆಯ ಮಾತು ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು, 2019ರ ಗಣತಿಗೆ 1.2 ಲಕ್ಷಕ್ಕೆ ಇಳಿದವು. ಏಳು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು. ಇಷ್ಟು ವರ್ಷ ನಮ್ಮ ಇಟ್ಟಿಗೆ, ಮರಳು, ಬಟ್ಟೆ ಹೊತ್ತ ಪ್ರಾಣಿ ಕಣ್ಣೆದುರೇ ಕಾಣೆಯಾಗುತ್ತಿದೆ, ಅದರ ಹೆಸರನ್ನು ಮಾತ್ರ ಬೈಗುಳಕ್ಕೆ ಇಟ್ಟುಕೊಂಡಿದ್ದೇವೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ನಡಿಗೆಯ ಹಾದಿ ಅಂದ ಕೂಡಲೇ ಕಾಂಕ್ರೀಟು, ಇಂಟರ್‌ಲಾಕ್, ಬಣ್ಣದ ದೀಪ ಅಂತ ಟೆಂಡರ್ ಕರೆಯುವುದು ಬೇಡ ಮಾರಾಯ್ರೆ. ಮರಳೇ ಹಾದಿ. ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿಯನ್ನು ಕಿತ್ತರೆ ಮರಳೂ ಹೋಗುತ್ತದೆ. ಕುಂದಾಪುರದ ಕಡೆ ಕಡಲಾಮೆಗಳು ಮೊಟ್ಟೆ ಇಡಲು ಬರುವುದೂ ಚಳಿಗಾಲದ ರಾತ್ರಿಗಳಲ್ಲೇ, ಅಲ್ಲಿ ದೀಪ ಹಾಕಿದರೆ ಮರಿಗಳು ದಾರಿ ತಪ್ಪುತ್ತವೆ. ನಡೆಯುವವರಿಗೆ ಬೇಕಾದದ್ದು ಸ್ವಲ್ಪವೇ. ಆ 20 ಮೀಟರ್ ದಾರಿಗಳನ್ನು ಅಳೆದು ಬೋರ್ಡು ಹಾಕಿ. ತಡೆಗೋಡೆಯ ಕಲ್ಲಿಗೆ ಅಲ್ಲಲ್ಲಿ ಮೆಟ್ಟಿಲು ಇಡಿ. ಕುಡಿಯುವ ನೀರು, ಚೊಕ್ಕವಾದ ಶೌಚಾಲಯ ಇರಲಿ, ಊರಿನ ಹೆಂಗಸರಿಗೂ ಬೇಕಾದದ್ದೇ ಅದು.

ಯಾವುದೇ ಕೆಲಸಕ್ಕೆ ಮುಂಚೆ ಮೀನುಗಾರರನ್ನು ಕೇಳಬೇಕು. ತೀರ ಅವರ ಅಂಗಳ. ಬೆಳಿಗ್ಗೆ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಎರಡು ಸಾಲಿನಲ್ಲಿ ಜನ ಹಗ್ಗ ಸೊಂಟಕ್ಕೆ ಕೊಟ್ಟು ಹಿಂದೆ ಹಿಂದೆ ಹೆಜ್ಜೆ ಇಡುತ್ತಾರೆ, ಹಿಂದಿನವನು ಬಿಟ್ಟು ಮುಂದೆ ನೀರಿನ ಹತ್ತಿರ ಹೋಗಿ ಮತ್ತೆ ಹಿಡಿಯುತ್ತಾನೆ, ಬಲೆ ಹತ್ತಿರ ಬಂದಂತೆ ಎರಡು ಸಾಲೂ ಹತ್ತಿರವಾಗುತ್ತವೆ. ಆ ಹೊತ್ತಲ್ಲಿ ನಡುವೆ ನುಗ್ಗಿ ಫೋಟೋ ತೆಗೆಯುವವರಿಂದ, ಒಣಗಲು ಹಾಕಿದ ಬಲೆಯ ಮೇಲೆ ಬೈಕು ಓಡಿಸುವವರಿಂದ, ಬಾಟಲಿ ಒಡೆದು ಹೋಗುವವರಿಂದ ಅವರಿಗೆ ಸಾಕಾಗಿದೆ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಗಾಡಿಯಲ್ಲಿ ಬಂದು ಒಂದು ಗಂಟೆ ಗಲಾಟೆ ಮಾಡಿ ಹೋಗುವವರಿಗೂ ನಡೆದು ಬರುವವರಿಗೂ ವ್ಯತ್ಯಾಸ ಇದೆ. ನಡೆಯುವವರು ನಿಂತು ಮಾತಾಡಿಸುತ್ತಾರೆ, ಅವತ್ತಿನ ಬಲೆಗೆ ಬಂಗುಡೆ ಬಿತ್ತಾ ಬೂತಾಯಿ ಬಿತ್ತಾ ಅಂತ ಕೇಳುತ್ತಾರೆ. ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಬೀಚಿಂದ ಬೀಚಿಗೆ ನಡೆಯಲು ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು ಎಷ್ಟಿಲ್ಲ. ನಮ್ಮ ಎರಡು ಜಿಲ್ಲೆಯ ತೀರ ಅದಕ್ಕಿಂತ ಯಾವುದರಲ್ಲಿ ಕಡಿಮೆ?

ಎಲ್ಲ ಒಂದೇ ಸಲ ಬೇಡ. ಮಲ್ಪೆಯಿಂದ ಕೋಡಿ ಬೆಂಗ್ರೆವರೆಗಿನ ಹತ್ತು ಹನ್ನೆರಡು ಕಿಲೋಮೀಟರ್‌ನಿಂದ ಶುರು ಮಾಡಬಹುದು. ಆ ತುದಿಯಿಂದ ಹಂಗಾರಕಟ್ಟೆಗೆ ದಾಟುವ ವ್ಯವಸ್ಥೆ ನಂಬುವ ಹಾಗಿದ್ದರೆ ಕುಂದಾಪುರದವರೆಗೂ ದಾರಿ ತೆರೆದ ಹಾಗೆ. ಡಿಸೆಂಬರಿಂದ ಫೆಬ್ರವರಿವರೆಗೆ ನಡೆಯಲು ಹವೆಯೂ ಚೆನ್ನಾಗಿರುತ್ತದೆ.

ಪತ್ರಿಕೆಯ ಹಿರಿಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಲ್ಲಿ ಕಡವು ಎಲ್ಲಿತ್ತು, ದೋಣಿ ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಸಮುದ್ರಕ್ಕೆ ಇಳಿಯುವ ಹಳೆಯ ಕಾಲುದಾರಿ ಯಾವುದು, ಈಗ ಅದು ಯಾರ ಕಾಂಪೌಂಡಿನ ಒಳಗೆ ಇದೆ ಅಂತ ಈ ಅಂಕಣಕ್ಕೆ ಎರಡು ಸಾಲು ಬರೆದು ಕಳಿಸಿ. ಬಂದದ್ದನ್ನೆಲ್ಲ ಊರು ಪ್ರಕಾರ ಪಟ್ಟಿ ಮಾಡಿ, ಸಿಆರ್‌ಝಡ್ ಷರತ್ತಿನ ಪ್ರತಿಯನ್ನು ಜೊತೆಗಿಟ್ಟು ಎರಡೂ ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡಲು ನಾನು ತಯಾರಿದ್ದೇನೆ. ಜೊತೆಗೆ ಬರುವವರಿದ್ದರೆ ಇನ್ನೂ ಒಳ್ಳೆಯದು.

ಇಂತಿ,
ಕಾಪುವಿನ ಒಬ್ಬ ಓದುಗ