ಕೊಲಂಬಿಯಾ ದಡದಲ್ಲಿ ಬುತ್ತಿ ಬಿಚ್ಚುವ ಮುಂಚೆ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋಗಿ ಎರಡು ತಿಂಗಳಾಗಿಲ್ಲ, ಆಗಲೇ ದೂರು ಬಂತು. ಕೊಲಂಬಿಯಾ ನದಿ ದಡದಲ್ಲಿ ಬುತ್ತಿ ಬಿಚ್ಚಿದಿರಿ, ಇದು ಬುಡಕಟ್ಟಿನವರು ಮೀನು ಹಿಡಿಯುವ ಜಾಗ ಅಂತ ಎಬ್ಬಿಸಿದರು. "ಅವರಿಗೊಂದು ಕಾನೂನು, ನಮಗೊಂದಾ?" ಅಂತ ಕೇಳಿದ್ದೀಯ. ಹೌದು ಕಣೋ, ಅವರಿಗೊಂದು ಕಾನೂನು ಇದೆ. ಅಲ್ಲಿ ಇಪ್ಪತ್ತು ವರ್ಷ ಇದ್ದು ಬಂದವನು ಹೇಳುತ್ತೇನೆ, ಕೇಳು.

ಅಮೆರಿಕ ಸರ್ಕಾರದ ಜೊತೆ ಆದ 1855ರ ಒಪ್ಪಂದಗಳಲ್ಲಿ ಅಲ್ಲಿನ ಯಾಕಮಾ, ಉಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಬುಡಕಟ್ಟುಗಳ ಜನ ತಮ್ಮ ನೆಲದ ಬಹುಪಾಲು ಬಿಟ್ಟುಕೊಟ್ಟರು. ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳ ಹಕ್ಕನ್ನು ಮಾತ್ರ ಬಿಡಲಿಲ್ಲ. ಅದು ಸರ್ಕಾರ ಕೊಟ್ಟ ಸವಲತ್ತಲ್ಲ, ಅವರು ಕೊಡದೆ ಉಳಿಸಿಕೊಂಡದ್ದು. ಯಾಕಮಾ ಜನರ ಮೊಕದ್ದಮೆಯಲ್ಲಿ 1905ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಆ ನದಿಯಲ್ಲಿ ಸೆಲೈಲೋ ಅಂತ ಜಲಪಾತ ಇತ್ತು, ಅವರು ಮೀನು ಹಿಡಿಯುತ್ತಿದ್ದ ಜಾಗ. ಬಂಡೆಯಿಂದ ನೀರಿನ ಮೇಲಕ್ಕೆ ಚಾಚಿದ ಮರದ ಅಟ್ಟಣೆ, ಸೊಂಟಕ್ಕೆ ಹಗ್ಗ, ಉದ್ದ ಕೋಲಿನ ಬಲೆ. ಹಾರುವ ಸಾಲ್ಮನ್ನನ್ನು ಹಾಗೇ ಎತ್ತುತ್ತಿದ್ದರು. ಯಾವ ಜಾಗ ಯಾವ ಮನೆತನದ್ದು ಅಂತ ಎಲ್ಲರಿಗೂ ಗೊತ್ತಿತ್ತು. 1957ರ ಮಾರ್ಚ್ 10ರಂದು ದಿ ಡಾಲ್ಸ್ ಅಣೆಕಟ್ಟಿನ ಗೇಟು ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು, ಭೋರ್ಗರೆತ ನಿಂತಿತು. ಬಂಡೆಗಳು ಕೆಳಗೆ ಹಾಗೇ ಇವೆ ಅಂತ 2008ರಲ್ಲಿ ಸೋನಾರ್ ಚಿತ್ರ, ಅಂದರೆ ನೀರಿನೊಳಕ್ಕೆ ಶಬ್ದ ಹಾಯಿಸಿ ತೆಗೆದ ಚಿತ್ರ, ತೋರಿಸಿತು. ಅದನ್ನು ನೋಡಿದ ದಿನ ನನಗೆ ಯಾಕೋ ಊಟ ಸೇರಲಿಲ್ಲ.

ಅದಕ್ಕೂ ಮೊದಲೇ, 1938ರಲ್ಲಿ, ಬಾನವಿಲ್ ಅಣೆಕಟ್ಟು ಎದ್ದಿತ್ತು. ಅದರಿಂದ ಮುಳುಗಿದ ಮೀನಿನ ಜಾಗಗಳಿಗೆ ಬದಲಾಗಿ ಸುಮಾರು 400 ಎಕರೆ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ದಶಕಗಟ್ಟಲೆ ಕಾದರೂ ಕೈಗೆ ಬಂದದ್ದು 40ರ ಆಸುಪಾಸು. 1988ರ ಕಾನೂನಿನ ಮೇಲೆ ಇನ್ನಷ್ಟು ಸಿಕ್ಕಿ ಈಗ ಅವರು ಮೀನು ಹಿಡಿಯಲಿಕ್ಕೆ 31 ಜಾಗ. ನೀನು ಚಪಾತಿ ಡಬ್ಬ ಬಿಚ್ಚಿದ್ದು ಅಂಥದೊಂದರಲ್ಲಿ.

ನಾನೂ ಜಾಣನಾಗಿರಲಿಲ್ಲ ಬಿಡು. ಅದೇ ನದಿ ದಡದ ಕ್ಯಾಸ್ಕೇಡ್ ಲಾಕ್ಸ್ ಊರಲ್ಲಿ ಮೀನು ಮಾರುತ್ತಿದ್ದ ಆ ಜನರ ಅಜ್ಜಿಯೊಬ್ಬರ ಹತ್ತಿರ ಸುಮ್ನೆ ಚೌಕಾಸಿ ಮಾಡಿದೆ. ಆಕೆ ಏನೂ ಅನ್ನದೆ ಐಸ್ ಪೆಟ್ಟಿಗೆಯ ಮುಚ್ಚಳ ಹಾಕಿದರು. ನಿಮ್ಮ ದೊಡ್ಡಮ್ಮ ಮನೆ ಮುಟ್ಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ಸಲ ಮೊದಲು ಬೋರ್ಡ್ ಓದು. ಅಟ್ಟಣೆ ಹತ್ತಬೇಡ, ಕೇಳದೆ ಫೋಟೋ ತೆಗೆಯಬೇಡ. ಕೈಯಲ್ಲಿ ನಗದು, ಡಬ್ಬದಲ್ಲಿ ಐಸ್ ಇರಲಿ. ಹೇಳಿದ ಬೆಲೆ ಕೊಡು, ರಶೀದಿ ಇಸ್ಕೊ. ಹುಣಸೆಹುಳಿ ಜಾಸ್ತಿ ಸುರಿಯಬೇಡ, ಆ ಮೀನಿನ ರುಚಿಯೇ ಹೋಗುತ್ತೆ. ತಲೆ ಬಿಸಾಡೀಯ ಮತ್ತೆ, ಸಾರು ಮಾಡು.

ಇಂತಿ,
ನಿನ್ನ ದೊಡ್ಡಪ್ಪ