ನವೆಂಬರ್‌ನಲ್ಲಿ ದೀಪ ಉರಿಯುವ ಕಿಟಕಿಗಳು

ಪಿಯೊಪ್ಪಿ, ಇಟಲಿ
ನವೆಂಬರ್ 18

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರಗಳು. ಭಾವನವರಿಗೂ ತಿಳಿಸು. ನಾವಿಬ್ಬರೂ ಇಲ್ಲಿ ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುವುದನ್ನು ನಿಲ್ಲಿಸಬೇಡ.

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದೆ, "ರಿಟೈರ್ ಆದ ಮೇಲೆ ಊರಿಗೆ ಬರುವುದು ಬಿಟ್ಟು, ಆ ಇಟಲಿಯಲ್ಲಿ ನಿಮಗೆ ಯಾರಿದ್ದಾರೆ?" ಎಂದು. ಲೈನ್ ಸರಿ ಇಲ್ಲ ಎಂದು ಹೇಳಿ ಇಟ್ಟುಬಿಟ್ಟೆ. ಲೈನ್ ಸರಿಯಾಗಿಯೇ ಇತ್ತು ಅಕ್ಕ. ಉತ್ತರ ಬಾಯಿಗೆ ಬರಲಿಲ್ಲ. ಅದಕ್ಕೇ ಈ ಪತ್ರ.

ಮೊದಲು, ರಿಟೈರ್ ಆದ ಮೇಲೆ ನೆಲೆಸಲು ನಾವು ನೋಡಿದ ಊರುಗಳ ಬಗ್ಗೆ ಹೇಳುತ್ತೇನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಉತ್ತರದ ಲಿಗೂರಿಯಾ ಕಡೆ ಹೋಗಿದ್ದೆವು. ಅಲ್ಲಿ ಚಿಂಕ್ವೆ ತೆರ್ರೆ ಎಂದು ಐದು ಹಳ್ಳಿಗಳಿವೆ. ಬಂಡೆಗೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು, ಕೆಳಗೆ ಸಮುದ್ರ. ಕ್ಯಾಲೆಂಡರ್‌ನಲ್ಲಿ ನೀನೂ ನೋಡಿರುತ್ತೀಯ. ಚಂದಕ್ಕೇನೂ ಕಡಿಮೆ ಇಲ್ಲ. ಆದರೆ ರೈಲು ಇಳಿದರೆ ಆನೆಗುಡ್ಡೆಯ ಸಂಕಷ್ಟಿ ದಿನದ ಹಾಗೆ ಜನ. ಕೊರ್ನಿಲಿಯಾ ಎಂಬ ಊರಿಗೆ ಸ್ಟೇಷನ್‌ನಿಂದ ಸುಮಾರು 380 ಮೆಟ್ಟಿಲು ಹತ್ತಬೇಕು. ನಾನು ಹತ್ತಿದೆ, ಆದರೆ ಎಪ್ಪತ್ತೈದರಲ್ಲಿ ತರಕಾರಿ ಚೀಲ ಹಿಡಿದು ಹತ್ತಲು ಆಗುತ್ತದಾ? ಅಲ್ಲಿಯೇ ಹತ್ತಿರದ ವೆರ್ನಾತ್ಸಾದಲ್ಲಿ 2011ರ ಅಕ್ಟೋಬರ್‌ನಲ್ಲಿ ಒಂದೇ ದಿನದ ಮಳೆಗೆ ಗುಡ್ಡದ ಮಣ್ಣೆಲ್ಲ ಬೀದಿಗೆ ಇಳಿದು ಊರೇ ಹೂತುಹೋಗಿತ್ತು. ಆ ಕಡೆ ಬೇಡ ಎಂದುಕೊಂಡೆವು.

ಅಲ್ಲೇ ಕಮೋಲಿ ಎಂಬ ಮೀನುಗಾರರ ಊರಿನಲ್ಲಿ ಕಂಡ ಒಂದು ಸಂಗತಿ ಮಾತ್ರ ಹೇಳಲೇಬೇಕು. ಟ್ಯೂನಾ ಹಿಡಿಯಲು ಅವರು ಸಮುದ್ರದಲ್ಲಿ ಕಟ್ಟುವ ದೊಡ್ಡ ಬಲೆ ತೆಂಗಿನ ನಾರಿನದು! ಅದನ್ನು ಮುಟ್ಟಿ ನೋಡಿದಾಗ ಕೈಗೆ ಚುಚ್ಚಿದ ರೀತಿ ನಮ್ಮ ಹಿತ್ತಿಲ ಕತ್ತದ ಹಗ್ಗದ್ದೇ. ಅಪ್ಪಯ್ಯ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು.

ಜುಲೈಯಲ್ಲಿ ಇಟಲಿಯ ಎಲ್ಲ ಕಡಲೂರೂ ಚಂದವೇ. ಮಳೆಯಲ್ಲಿ, ಚಳಿಯಲ್ಲಿ ಅಲ್ಲಿ ಯಾರಿರುತ್ತಾರೆ ಎಂದು ನೋಡದೆ ತೀರ್ಮಾನ ಮಾಡಬಾರದು ಎನ್ನುವುದು ಇವರ ಹಟ. ಹಾಗಾಗಿ ಈ ಸಲ ನವೆಂಬರ್‌ನಲ್ಲಿ ಬಂದೆವು, ದಕ್ಷಿಣಕ್ಕೆ. ನೇಪಲ್ಸ್‌ಗೆ ವಿಮಾನ, ಸಲೆರ್ನೊ ದಾಟಿ ಇನ್ನೂ ಕೆಳಗೆ ಚಿಲೆಂತೊ ಎಂಬ ಪ್ರದೇಶ. ಬೆಟ್ಟ, ಆಲಿವ್ ತೋಪು, ನಡುವೆ ಸಣ್ಣ ಸಣ್ಣ ಊರು. ಇದೂ ಪಡುವಣ ಕಡಲು ಅಕ್ಕ. ಸೂರ್ಯ ನೀರಿಗೇ ಇಳಿಯುತ್ತಾನೆ. ಪೂರ್ವದ ತೀರ ನಾವು ನೋಡಲೇ ಇಲ್ಲ. ಬೇಕು ಅನ್ನಿಸಲಿಲ್ಲ.

ಇವರು ದಿನಾ ಸಂಜೆ ಏಳಕ್ಕೆ ಒಂದು ಕೆಲಸ ಮಾಡುತ್ತಾರೆ. ಸಮುದ್ರದ ಕಡೆಗೆ ಬೆನ್ನು ಮಾಡಿ ನಿಂತು, ಊರಲ್ಲಿ ದೀಪ ಉರಿಯುವ ಕಿಟಕಿ ಎಣಿಸುತ್ತಾರೆ. ನಾವು ಮೊದಲು ತಂಗಿದ ಊರಲ್ಲಿ ಹನ್ನೊಂದು. ಉಳಿದದ್ದೆಲ್ಲ ಬೇಸಿಗೆಗೆ ಬರುವವರ ಮನೆ, ಬಾಗಿಲು ಹಾಕಿದ್ದು. ಹೋಟೆಲ್ ಇಲ್ಲ, ಬ್ರೆಡ್ ಅಂಗಡಿ ಇಲ್ಲ. ಒಂದು ನಾಯಿ ನಮ್ಮ ಹಿಂದೆಯೇ ಬಂತು, ಅದಕ್ಕೂ ಮಾತಾಡಿಸುವವರು ಬೇಕಿತ್ತೋ ಏನೋ. ಎರಡೇ ರಾತ್ರಿ ಇದ್ದು ಹೊರಟೆವು.

ಅಚ್ಚಾರೊಲಿಯಲ್ಲಿ ಅರವತ್ತು ದಾಟಿತು. ಅದು ಬಂದರಿನ ಊರು. ಮಳೆ ಬಂದರೂ ಬೆಳಗ್ಗೆ ಮುದುಕರು ಕಾಫಿ ಅಂಗಡಿಯಲ್ಲಿ ನಿಂತೇ ಕುಡಿದು, ದೋಣಿ ನೋಡಿಕೊಂಡು ಹೋಗುತ್ತಾರೆ. ಗಂಗೊಳ್ಳಿ ಬಂದರಿನಲ್ಲಿ ದೊಡ್ಡಪ್ಪ ಮಾಡುತ್ತಿದ್ದ ಹಾಗೆಯೇ. ಈ ಊರು ಪೊಲ್ಲಿಕಾ ಎಂಬ ಪಂಚಾಯಿತಿಗೆ ಸೇರಿದೆ. ಅದರ ಮೇಯರ್ ಆಗಿದ್ದವರು ಆಂಜೆಲೊ ವಸ್ಸಾಲ್ಲೊ, ಸ್ವತಃ ಮೀನು ಹಿಡಿಯುವವರು. ಸಮುದ್ರ ಕೊಳೆಯಾಗಬಾರದು, ತೀರದಲ್ಲಿ ಕಂಡಲ್ಲಿ ಕಟ್ಟಡ ಏಳಬಾರದು ಎಂದು ಹೋರಾಡಿದರು. ಬೀದಿಯಲ್ಲಿ ಸಿಗರೇಟು ತುಂಡು ಎಸೆದರೆ ದಂಡ ಹಾಕಿಸಿದರು. 2010ರ ಸೆಪ್ಟೆಂಬರ್ 5ರ ರಾತ್ರಿ ಮನೆಗೆ ಹೋಗುವಾಗ ಅವರನ್ನು ಗುಂಡಿಟ್ಟು ಕೊಂದರು. ಇಲ್ಲಿನವರು ಈಗಲೂ ಅವರ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. ನೀರು ಇಷ್ಟು ತಿಳಿಯಾಗಿರಲು ದುಡಿದವರನ್ನು ಹೀಗೆ ಕೊಂದರು ಎಂದು ಗೊತ್ತಾದ ಮೇಲೆ ನನಗೆ ಸುಮ್ನೆ ಬಂದು ಮನೆ ಕೊಳ್ಳುವುದು ಅಷ್ಟು ಹಗುರ ವಿಷಯ ಅನ್ನಿಸುವುದಿಲ್ಲ.

ಈಗ ಇರುವುದು ಅದರ ಪಕ್ಕದ ಪಿಯೊಪ್ಪಿಯಲ್ಲಿ. ಇನ್ನೂ ಸಣ್ಣದು, ಮರಳಿಲ್ಲ, ಉರುಟು ಕಲ್ಲಿನ ತೀರ. ತೆರೆ ಹಿಂದೆ ಸರಿಯುವಾಗ ಕಲ್ಲುಗಳು ಒಂದರ ಮೇಲೊಂದು ಉರುಳುವ ಸದ್ದು ರಾತ್ರಿಯಿಡೀ ಕೇಳುತ್ತದೆ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಇಲ್ಲಿಯೇ ಮನೆ ಕಟ್ಟಿಕೊಂಡು ದಶಕಗಟ್ಟಲೆ ಇದ್ದರು. ಊಟಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಅಧ್ಯಯನ ಮಾಡಿದವರು. ತಾವೂ ನೂರು ವರ್ಷ ಬದುಕಿ 2004ರಲ್ಲಿ ತೀರಿಕೊಂಡರು. ಈ ಕಡೆಯ ಜನರ ಊಟದ ಪದ್ಧತಿಯನ್ನು 2010ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಊಟ ಎಂದರೆ ಏನು ಗೊತ್ತಾ? ಕಡಲೆ, ಸೊಪ್ಪು, ಸಣ್ಣ ಮೀನು, ಅಂಜೂರ, ಆಲಿವ್ ಎಣ್ಣೆ. ಮನೆ ಬಾಡಿಗೆಗೆ ಕೊಟ್ಟ ಅಜ್ಜಿ ನಿನ್ನೆ ಬೇಯಿಸಿದ ಕಡಲೆಗೆ ಅಗಲ ಹಿಟ್ಟಿನ ಪಟ್ಟಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ತಂದಿಟ್ಟರು. ಅಮ್ಮ ಹುರುಳಿಗೆ ಹಾಕುತ್ತಿದ್ದ ಒಗ್ಗರಣೆ ನೆನಪಾಯಿತು.

ನನ್ನ ಮನಸ್ಸು ನಿಂತ ಊರು ಮಾತ್ರ ಬೇರೆ. ಪಿಶ್ಶೊತ್ತಾ ಎಂದು, ಇನ್ನೂ ದಕ್ಷಿಣಕ್ಕೆ. ಹಳೆಯ ಊರು ಗುಡ್ಡದ ಮೇಲೆ, ಕೆಳಗೆ ಕಡಲ ಬದಿಗೆ ಮರೀನಾ, ನಡುವೆ ಕಾಂಡ ತಿರುಚಿಕೊಂಡ ಭಾರೀ ಆಲಿವ್ ಮರಗಳು. ಅಲ್ಲಿ ಮೆನಾಯಿಕಾ ಎಂಬ ಬಲೆಯಿಂದ ಆಂಚೊವಿ ಹಿಡಿಯುತ್ತಾರೆ. ನಮ್ಮ ಬೂತಾಯಿಗಿಂತ ಸಣ್ಣ ಮೀನು. ವಸಂತದಿಂದ ಬೇಸಿಗೆಯವರೆಗೆ, ಸಮುದ್ರ ಶಾಂತವಾಗಿರುವ ರಾತ್ರಿ ಮಾತ್ರ ಹೋಗುತ್ತಾರೆ. ಬಲೆಯ ಕಣ್ಣಿನ ಅಳತೆ ಎಷ್ಟೆಂದರೆ, ಮರಿಮೀನು ನುಸುಳಿ ಹೋಗುತ್ತದೆ, ದೊಡ್ಡದು ಮಾತ್ರ ತಲೆ ಸಿಕ್ಕಿಸಿಕೊಳ್ಳುತ್ತದೆ. ಒಂದೊಂದನ್ನೂ ಕೈಯಿಂದ ಬಿಡಿಸಿ ತಲೆ, ಕರುಳು ತೆಗೆದು, ಉಪ್ಪುನೀರಲ್ಲಿ ತೊಳೆದು, ಮಣ್ಣಿನ ಜಾಡಿಯಲ್ಲಿ ಒಂದು ಪದರ ಮೀನು ಒಂದು ಪದರ ಉಪ್ಪು ಇಟ್ಟು ಕನಿಷ್ಠ ಮೂರು ತಿಂಗಳು ಬಿಡುತ್ತಾರೆ. ಐಸ್ ಮುಟ್ಟಿಸುವುದಿಲ್ಲ. ಈ ಬಲೆ ಹಾಕುವ ದೋಣಿ ಈಗ ಬೆರಳೆಣಿಕೆಯಷ್ಟು ಮಾತ್ರ. ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಇದನ್ನು ಕೇಳುವಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಕೋಡಿಯ ಕತೆಯೂ ಅದೇ ಅಲ್ವಾ?

ಅಲ್ಲಿ ಒಂದು ಮನೆ ನೋಡಿದೆವು. ಎರಡು ಕೋಣೆ, ಒಂದು ನಿಂಬೆ ಗಿಡ, ಕಿಟಕಿ ತುಂಬ ಸಮುದ್ರ. ಅಲ್ಲೇ ಕೂತುಬಿಡೋಣ ಅನ್ನಿಸಿತು. ಮಾರನೇ ದಿನ ಗೊತ್ತಾಯಿತು, ಮನೆಗೆ ಆರು ಜನ ವಾರಸುದಾರರು. ಇಬ್ಬರು ಅರ್ಜೆಂಟೀನಾದಲ್ಲಿ, ಒಬ್ಬರು ವೆನೆಜುವೆಲಾದಲ್ಲಿ. ಈ ಕಡೆಯ ಜನ ಹಿಂದೆ ಹೊಟ್ಟೆಪಾಡಿಗೆ ಅಲ್ಲಿಗೆ ಹಡಗು ಹತ್ತಿದವರು. ಎಲ್ಲರ ಸಹಿ ಬೇಕು. ಮೇಲಾಗಿ ಅಡುಗೆಮನೆ ನಕ್ಷೆಯಲ್ಲೇ ಇಲ್ಲ! ಏಜೆಂಟ್ ಇದ್ಯಾವುದನ್ನೂ ಹೇಳದೆ ಅಡ್ವಾನ್ಸ್ ಕೇಳಿದ್ದ. ಇಲ್ಲಿ ಮುಂಗಡ ಕೊಟ್ಟು ನಾವು ಹಿಂದೆ ಸರಿದರೆ ಆ ಹಣ ಹೋಯಿತು, ಮಾರುವವರು ಹಿಂದೆ ಸರಿದರೆ ಎರಡು ಪಟ್ಟು ಕೊಡಬೇಕು. ಕೊಡುವ ಮೊದಲೇ ಸರ್ವೇಯರ್‌ಗೆ ತೋರಿಸಿದ್ದಕ್ಕೆ ಬಚಾವಾದೆವು. ಅಜ್ಜನ ಮನೆ ಪಾಲಿನಲ್ಲಿ ಭಾವನವರು ಪಹಣಿ ಹಿಡಿದು ಓಡಾಡಿದ್ದು ಆಗ ನೆನಪಿಗೆ ಬಂತು. ಅವರಿಂದ ಕಲಿತ ಪಾಠ ಇಲ್ಲಿ ಉಪಯೋಗಕ್ಕೆ ಬಂತೆಂದು ಹೇಳು.

ಇನ್ನೊಂದು ವಿಷಯ ರಸ್ತೆ. ಪಿಶ್ಶೊತ್ತಾಗೆ ಹೋಗುವ ಕಡಲ ರಸ್ತೆಯಲ್ಲಿ ಗುಡ್ಡ ಹಲವು ದಶಕಗಳಿಂದ ಮೆಲ್ಲನೆ ಜಾರುತ್ತಲೇ ಇದೆ. 2024ರಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಆದದ್ದನ್ನು ಕೇಳಿದ ಮೇಲೆ ಅಂಥ ರಸ್ತೆಯಲ್ಲಿ ನನಗೆ ಎದೆ ಹೊಡೆದುಕೊಳ್ಳುತ್ತದೆ. ದೊಡ್ಡ ಆಸ್ಪತ್ರೆ ಇರುವುದು ಒಳನಾಡಿನ ವಾಲ್ಲೊ ದೆಲ್ಲಾ ಲುಕಾನಿಯಾದಲ್ಲಿ, ತಿರುವಿನ ದಾರಿ. ಇವರಿಗೆ ಸ್ಟೆಂಟ್ ಹಾಕಿದೆ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ತೆರಿಗೆಯ ಒಂದು ಅನುಕೂಲ ಇದೆ. ಹೊರದೇಶದ ಪಿಂಚಣಿ ಪಡೆಯುವವರು ದಕ್ಷಿಣದ ಸಣ್ಣ ಊರಿಗೆ ಬಂದು ನೆಲೆಸಿದರೆ ಕೆಲವು ವರ್ಷ 7% ಮಾತ್ರ ತೆರಿಗೆ. ಜನ ಖಾಲಿಯಾಗುತ್ತಿರುವ ಊರಿಗೆ ಜನ ಬರಲಿ ಎಂದು 2019ರಿಂದ ಮಾಡಿದ್ದು. ನಮ್ಮ ಪಿಂಚಣಿಗೆ ಎಷ್ಟು ಅನ್ವಯಿಸುತ್ತದೆ ಎಂದು ಲೆಕ್ಕಿಗರನ್ನು ಕೇಳಬೇಕು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ.

ಅಮ್ಮ ಹೋದ ದಿನ ನಾನು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಕೂತಿದ್ದೆ. ನೀನು ಫೋನ್ ಮಾಡಿದಾಗ ಇನ್ನೂ ವಿಮಾನ ಹತ್ತಿರಲಿಲ್ಲ. ಆ ಕುರ್ಚಿಯಲ್ಲಿ ನನ್ನ ಮಗಳು ಕೂರಬಾರದು ಅಕ್ಕ. ಅವಳ ಸಂಸಾರ ಮ್ಯೂನಿಕ್‌ನಲ್ಲಿ, ಪುಟ್ಟಿಗೆ ಈಗ ಎರಡು ವರ್ಷ. ನೇಪಲ್ಸ್‌ನಿಂದ ಅವಳಿರುವಲ್ಲಿಗೆ ವಿಮಾನದಲ್ಲಿ ಎರಡು ಗಂಟೆಯೂ ಬೇಡ. ಹಾಗೆಂದು ಮ್ಯೂನಿಕ್‌ನಲ್ಲೇ ಉಳಿಯಲು ನನ್ನಿಂದ ಆಗುವುದಿಲ್ಲ. ಮೂವತ್ತೊಂದು ವರ್ಷ ಸಮುದ್ರ ಇಲ್ಲದ ಊರಲ್ಲಿ ಇದ್ದೆ. ಮಗಳು ಬೇಕು, ಕಡಲೂ ಬೇಕು. ಎರಡೂ ಸಿಗುವ ಜಾಗ ಹುಡುಕಿದರೆ ಇದೇ ಸಿಕ್ಕಿತು. ನಿನ್ನನ್ನು ಬಿಟ್ಟದ್ದಲ್ಲ. ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಬರುತ್ತೇನೆ, ರಿಟೈರ್ ಆದ ಮೇಲೆ ಎರಡು ತಿಂಗಳು ಇರುತ್ತೇನೆ. ಅಮ್ಮನ ಕೋಣೆ ನನಗೆ ಬೇಕು, ಅದರಲ್ಲಿ ಅಕ್ಕಿ ಮೂಟೆ ಇಡಬೇಡ.

ಸದ್ಯ ಏನನ್ನೂ ಕೊಳ್ಳುವುದಿಲ್ಲ. ಈ ಅಜ್ಜಿಯ ಮನೆಯನ್ನೇ ಬರುವ ಫೆಬ್ರವರಿಯಿಂದ ಜೂನ್‌ವರೆಗೆ ಬಾಡಿಗೆಗೆ ಹಿಡಿದಿದ್ದೇವೆ. ಮೇ ತಿಂಗಳಲ್ಲಿ ಆಂಚೊವಿ ದೋಣಿಗಳು ಹೊರಡುತ್ತವೆ. ಆಗ ನೀವಿಬ್ಬರೂ ಬರಬೇಕು. ಮನೆ ನೆಲಮಟ್ಟದಲ್ಲಿದೆ, ನಿನ್ನ ಮಂಡಿಗೆ ಒಂದು ಮೆಟ್ಟಿಲೂ ಇಲ್ಲ. ಅಡುಗೆ ನೀನೇ ಮಾಡು. ಕುಚ್ಚಲಕ್ಕಿ ಎರಡು ಕಿಲೊ ಸಾಕು, ಮೆಣಸಿನ ಪುಡಿ ಜಾಸ್ತಿ ತಾ.

ಭಾವನವರ ಪಾಸ್‌ಪೋರ್ಟ್ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ನೋಡಿ ತಿಳಿಸು.

ನಿನ್ನ ತಂಗಿ