ಕೊಯ್ತ ವಾಲಿದರೆ ಬಾರ್ ಕೂಡ ನೋಡಿ

ಮಾನ್ಯ ಸಂಪಾದಕರೇ,

ಗಾಳಿಮಳೆಗೆ ಬಿದ್ದ ಸಿಲ್ವರ್ ಓಕ್ ತುಂಡು ಮಾಡಲು ಈಗ ನಮ್ಮ ಸಕಲೇಶಪುರ ಕಡೆ ಎಷ್ಟೋ ತೋಟಗಳಲ್ಲಿ ಚೈನ್ ಸಾ ಇದೆ. ಆದರೆ ಕೊಯ್ತ ನೆಟ್ಟಗೆ ಶುರುವಾಗಿ, ಅರ್ಧ ದಿಮ್ಮಿಗೆ ಬರುವಷ್ಟರಲ್ಲಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಬಾರ್ (ಚೈನ್ ಸುತ್ತುವ ಉದ್ದನೆ ಕಬ್ಬಿಣದ ಪಟ್ಟಿ) ಸಿಕ್ಕಿಹಾಕಿಕೊಳ್ಳುತ್ತದೆ, ಮಿಷನ್ ಹಿಡಿದವನು ಮೈಭಾರ ಹಾಕಿ ಒತ್ತುತ್ತಾನೆ. ಅಪಾಯ ಇರುವುದೇ ಅಲ್ಲಿ. ಆಮೇಲೆ ಚೈನ್ ಹೋಯ್ತು ಅಂತ ಹೊಸದು ತರುತ್ತಾರೆ, ಸವೆದ ಬಾರಿಗೆ ಅದನ್ನೇ ಹಾಕುತ್ತಾರೆ, ಮತ್ತೆ ಅದೇ ಕಥೆ.

ಚೈನಿನಲ್ಲಿ ಎಡ ಹಲ್ಲು, ಬಲ ಹಲ್ಲು ಒಂದಾದ ಮೇಲೊಂದು ಇರುತ್ತವೆ. ಕೈಗೆ ಅನುಕೂಲವಾದ ಕಡೆ ಚೆನ್ನಾಗಿ ಅರ ಹಾಕಿ, ಇನ್ನೊಂದು ಕಡೆ ಸುಮ್ನೆ ಉಜ್ಜಿ ಬಿಟ್ಟರೆ ಹರಿತ ಜಾಸ್ತಿ ಇರುವ ಕಡೆಗೆ ಕೊಯ್ತ ವಾಲುತ್ತದೆ. ಎಲ್ಲಕ್ಕಿಂತ ಗಿಡ್ಡ ಹಲ್ಲು ಹುಡುಕಿ, ಉಳಿದವನ್ನೂ ಅದರ ಅಳತೆಗೆ ತರಬೇಕು. .325 ಇಂಚು ಪಿಚ್ (ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿ.ಮೀ. ಗುಂಡು ಅರ, ಸಣ್ಣ ಮಿಷನ್ನಿನ 3/8 ಇಂಚಿನ ಲೋ ಪ್ರೊಫೈಲ್ (ಎತ್ತರ ಕಮ್ಮಿ ಇರುವ) ಚೈನಿಗೆ 4 ಮಿ.ಮೀ. ಚಕ್ಕೆ ಬದಲು ಹಿಟ್ಟಿನಂಥ ಹುಡಿ ಬೀಳುತ್ತಿದ್ದರೆ ಹಲ್ಲು ಮೊಂಡಾಗಿದೆ ಅಂತಲೇ ಅರ್ಥ.

ಬಾರನ್ನಂತೂ ಯಾರೂ ತಿರುಗಿ ನೋಡುವುದಿಲ್ಲ. ಎಂಜಿನ್ ಆಫ್ ಮಾಡಿ, ಚೈನ್ ಬಿಚ್ಚಿ, ಬಾರಿನ ಅಂಚಿನಲ್ಲಿ ಚೈನ್ ಓಡುವ ಸಂದಿನಲ್ಲಿ ಕಚ್ಚಿಕೊಂಡ ಎಣ್ಣೆ-ಹುಡಿಯ ಜಿಗುಟನ್ನು ತಗಡಿನ ತುಂಡಿನಿಂದ ಕೆರೆದು ತೆಗೆಯಿರಿ. ಎಣ್ಣೆ ಬರುವ ತೂತನ್ನೂ ಬಿಡಿಸಿ. ಅಂಚಿಗೆ ಚೂಪಾಗಿ ಎದ್ದ ಕಬ್ಬಿಣವನ್ನು ಚಪ್ಪಟೆ ಅರದಿಂದ ಸಮ ಮಾಡಿ. ಆಮೇಲೆ ಬಡಗಿಯ ಮೂಲೆಮಟ್ಟವನ್ನು ಬಾರಿನ ಪಕ್ಕಕ್ಕೆ ಒತ್ತಿ ಹಿಡಿದರೆ, ಸಂದಿನ ಆಚೀಚೆಯ ಎರಡು ಅಂಚಿನಲ್ಲಿ ಯಾವುದು ತಗ್ಗಿದೆ ಅಂತ ಕಣ್ಣಿಗೇ ಕಾಣುತ್ತದೆ. ಒಂದು ಅಂಚು ತಗ್ಗಿದ್ದರೆ ಎಷ್ಟೇ ಹರಿತ ಮಾಡಿದರೂ ಕೊಯ್ತ ನೆಟ್ಟಗೆ ಬರುವುದಿಲ್ಲ. ಚೈನಿಗೆ ಅರ ಹಾಕಿದಾಗಲೆಲ್ಲ ಬಾರನ್ನು ಮೇಲೆ ಕೆಳಗೆ ಮಾಡಿ ಹಾಕಿದರೆ ಎರಡೂ ಬದಿ ಸಮವಾಗಿ ಸವೆಯುತ್ತದೆ.

ಇನ್ನು ಗಾಡಿಯಿಂದ ಇಳಿಸಿದ ಕರಿ ಆಯಿಲ್ಲನ್ನು ಚೈನಿಗೆ ಸುರಿಯುವ ಅಭ್ಯಾಸ ದಯವಿಟ್ಟು ಬಿಡಿ. ಅದರಲ್ಲಿರುವ ಲೋಹದ ಪುಡಿ ಬಾರನ್ನೂ ಪಂಪನ್ನೂ ತಿನ್ನುತ್ತದೆ, ಮೈಗೂ ಸಿಡಿಯುತ್ತದೆ.

ಮಿಷನ್ ಮಾರುವ ಅಂಗಡಿಯವರು ಸ್ಟಾರ್ಟ್ ಮಾಡಿ ತೋರಿಸಿ ಕಳಿಸಿಬಿಡುತ್ತಾರೆ. ಜೊತೆಗೆ ಬರುವ ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಮರ ಕೊಯ್ಯುವವನಿಗೆ ಏನು ಪ್ರಯೋಜನ ಅಲ್ವಾ? ಮಲೆನಾಡಿನ ಕೃಷಿ ವಿಜ್ಞಾನ ಕೇಂದ್ರಗಳು ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಶುರುವಾಗುವ ಮುಂಚೆ ಅರ್ಧ ದಿನದ ತರಬೇತಿ ಇಡಲಿ. ಅದಕ್ಕೆ ತೋಟದ ಮಾಲೀಕರನ್ನಷ್ಟೇ ಕರೆಯದೆ ಮಿಷನ್ ಹಿಡಿಯುವ ಕೆಲಸಗಾರರನ್ನೂ ಕರೆದು, ಅವರ ಕೈಯಲ್ಲೇ ಅರ ಹಾಕಿಸಿ ಕಲಿಸಲಿ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ ತಾಲ್ಲೂಕು